ಮೂಗು ಹಿಡಿದು ಕಲಿಸಿದ ಇಂಗ್ಲಿಷು

ಒಂದು ಕಾಲದಲ್ಲಿ ನಾನು ಇಂಗ್ಲಿಷ್ ಪೇಪರನ್ನು ಕೈಯಿಂದ ಓದಿ ಹೇಳುತ್ತಿದ್ದೆ. ನಗಬೇಡಿ. ಬನಹಟ್ಟಿಯ ನಮ್ಮ ಮಾಮಾನ ಶೆಡ್ಡಿನಲ್ಲಿ ಹನ್ನೆರಡು ಪವರ್‌ಲೂಮ್ ಒಟ್ಟಿಗೆ ಓಡುವಾಗ, ಬಾಯಿಂದ ಹೇಳಿದ್ದು ಹೇಳಿದವನ ಕಿವಿಗೂ ತಲುಪುವುದಿಲ್ಲ. ಅಲ್ಲಿ ಚಹಾ, ಜಗಳ, ಮದುವೆ ಮಾತುಕತೆ ಎಲ್ಲವೂ ಕೈಸನ್ನೆಯಲ್ಲೇ.

ಮಾಮಾ ಮುನ್ಸಿಪಾಲ್ಟಿ ಮೆಂಬರ್. ಮತ್ತೆ ಚುನಾವಣೆಗೆ ನಿಂತಿದ್ದ. ಮೆಂಬರ್ ಅಂದಮೇಲೆ ಇಂಗ್ಲಿಷ್ ಪೇಪರ್ ಕೈಯಲ್ಲಿರಬೇಕೆಂದು ತರಿಸುತ್ತಿದ್ದ, ಓದಲು ಬಾರದು. ಬಿ.ಎ. ಪಾಸಾದ ಅಳಿಯ ನಾನಿದ್ದೆನಲ್ಲ! ಖರೆ ಹೇಳುತ್ತೇನೆ, ಆ ಪೇಪರಿಗೂ ನನ್ನ ಬಿ.ಎ.ಗೂ ಬರೀ ಮುಖಪರಿಚಯ.

ಆದರೂ ಹುರುಪಿಗೇನು ಕಡಿಮೆ? ಮತ ಅತ್ತಿತ್ತ ಸರಿಯುವ ಸ್ವಿಂಗ್ ಸುದ್ದಿ ಬಂದರೆ ಅಂಗೈಯನ್ನು ತಕ್ಕಡಿಯ ಹಾಗೆ ವಾಲಿಸುತ್ತಿದ್ದೆ. ಎಕ್ಸಿಟ್ ಪೋಲ್ ಎಂದರೆ ಬಾಗಿಲಿಂದ ಹೊರಬಿದ್ದವನ ಹೆಗಲು ಹಿಡಿದು ಗುಟ್ಟು ಕೇಳುವ ನಾಟಕ. ಕೊಯಲಿಶನ್ ತೋರಿಸಲು ಇಬ್ಬರು ನೇಕಾರರ ಕೈ ಕೂಡಿಸಿ, ಒಬ್ಬೊಬ್ಬರು ಒಂದೊಂದು ಕಡೆ ಎಳೆಯಿರಿ ಎಂದು ಸನ್ನೆ ಮಾಡಿದೆ. ಅವರು ಎಳೆದಾಡಿದ ಭರಕ್ಕೆ ಎರಡು ಮಗ್ಗದ ಎಳೆ ಕಡಿದು, ಮಾಮಾನಿಂದ ಬೈಸಿಕೊಂಡೆ.

ಒಂದು ಮುಂಜಾನೆ ಆ್ಯಂಟಿ-ಇನ್‌ಕಂಬೆನ್ಸಿ ಎದುರಾಯಿತು. ಡಿಕ್ಷನರಿ ತೆಗೆದು ಹೇಗೋ ಹೊಂದಿಸಿಕೊಂಡೆ: ಅಧಿಕಾರದಲ್ಲಿ ಕುಳಿತವರ ಮೇಲೆ ಜನರಿಗೆ ಹುಟ್ಟುವ ಬೇಸರ. ಸರಿ, ಪೇಪರಿನ ಆ ಉದ್ದನ್ನ ಶಬ್ದದ ಮೇಲೆ ಬೆರಳಿಟ್ಟು ಎಲ್ಲರಿಗೂ ತೋರಿಸಿ, ಗಾಳಿಯಲ್ಲೇ ಕುರ್ಚಿ ಹಾಕಿಕೊಂಡು ಗತ್ತಿನಿಂದ ಕುಳಿತೆ. ಆಮೇಲೆ ಪಕ್ಕಕ್ಕೆ ಸರಿದು, ಆ ಕುರ್ಚಿಯಲ್ಲಿ ಕುಳಿತವನು ನಾರುತ್ತಿದ್ದಾನೆ ಎಂಬಂತೆ ಮೂಗು ಹಿಡಿದುಕೊಂಡೆ. ಶೆಡ್ಡಿನಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಮಾಮಾ. ಎಲ್ಲರ ಕಣ್ಣೂ ಅತ್ತ ಹೊರಳಿದವು. ಕಂಡಿಕೆಗೆ ನೂಲು ಸುತ್ತುವ ಶಾಂತವ್ವ ನನ್ನ ಸನ್ನೆಗೆ ತನ್ನದೊಂದು ಸೇರಿಸಿದಳು. ಗಾಳಿಯಲ್ಲೇ ನಳ ತಿರುವಿ, ಬೊಗಸೆ ಒಡ್ಡಿ, ಆ ಖಾಲಿ ಬೊಗಸೆಯನ್ನು ಎಲ್ಲರಿಗೂ ತೋರಿಸಿದಳು. ಮಾಮಾ ಅವಳ ಓಣಿಗೆ ಹಾಕಿಸಿದ ನಳದಲ್ಲಿ ಒಂದು ದಿನವೂ ನೀರು ಬಂದಿರಲಿಲ್ಲ.

ಏನದು ಎಂದು ಮಾಮಾ ಹುಬ್ಬು ಹಾರಿಸಿದ. ಹೇಳಬೇಕಿತ್ತು. ಮತದಾನಕ್ಕೆ ಇನ್ನೂ ದಿನಗಳಿದ್ದವು, ಪೈಪು ನೋಡಿಸಿದ್ದರೆ ಓಣಿಯ ಮತವಾದರೂ ಉಳಿಯುತ್ತಿತ್ತು. ಅವನ ಮನೆಯ ರೊಟ್ಟಿ ತಿನ್ನುವ ನಾನು ಅಂಜಿ ಹೆಬ್ಬೆರಳೆತ್ತಿದೆ: ಗೆಲುವು ನಿನ್ನದೇ.

ಸೋತ. ಎರಡು ದಿನ ಬಿಟ್ಟು ಶೆಡ್ಡಿಗೆ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಿದ್ದವು.

"ಅಳಿಯಾ, ಆವತ್ತಿನ ಆ ಉದ್ದನ್ನ ಶಬ್ದದ ಅರ್ಥ ಏನಿತ್ತೋ?"

ನಾನು ನಾಚಿ ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ಶಾಂತವ್ವನೇ ಹೇಳಿದಳು: "ನಳದಾಗ ನೀರ ಬರಲಿಲ್ರಿ ಸಾವ್ಕಾರ್ರ. ಐದ ವರ್ಷ ಕೈ ಮಾಡಿ ಹೇಳೇವಿ. ನೀವು ಪೇಪರ್ ಹಿಡಕೊಂಡ ಕುಂತಿದ್ರಿ."

ಮಾಮಾ ನೆಲ ನೋಡಿದ, ನನ್ನನ್ನು ನೋಡಿದ, ಕೊನೆಗೆ ಎದ್ದು ಕುರ್ಚಿಯನ್ನು ಅವಳತ್ತ ದೂಡಿದ. "ಕುಂದ್ರ ಬೇ. ಮುಂದಿನ ಸಲ ನೀನ ನಿಲ್ಲು."

ಶಾಂತವ್ವ ಸೆರಗಿನಿಂದ ಕುರ್ಚಿ ಒರೆಸಿದಳು, ಗತ್ತಿನಿಂದ ಕುಳಿತಳು, ನಮ್ಮನ್ನೆಲ್ಲ ಒಮ್ಮೆ ನೋಡಿ ತನ್ನ ಮೂಗು ತಾನೇ ಹಿಡಿದುಕೊಂಡಳು. ಆ ಶೆಡ್ಡಿನ ನಗುವನ್ನು ನಾನು ಕಿವಿಯಾರೆ ಕೇಳಿದ್ದು ಅದೇ ಮೊದಲು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಮಾ.