ಬಿಗಿಯಾದ ಕಾಲ್ಗೆಜ್ಜೆ

ಆಗ ನನಗೆ ಅರವತ್ತೆರಡು. ಆರು ವರ್ಷದ ಹಿಂದಿನ ಮಾತು. ಈಗ ಶಾಲೆಯಲ್ಲಿ ಕುಣಿದಾಡುವ ಮೊಮ್ಮಗಳಿಗೆ ಆಗ ನಾಲ್ಕು. ದಿನಾ ಮುದ್ದೆಗೆ ತುಪ್ಪ ಹಾಕಿ ತಿನ್ನಿಸುತ್ತಿದ್ದೆ. ಅವಳ ಕೆನ್ನೆ ಉಬ್ಬಿತು, ಕಣ್ಣು ಸಣ್ಣದಾಯಿತು. ನನ್ನ ತುಪ್ಪ ಮೈಗೆ ಹಿಡಿಯಿತೆಂದು ಬೀದಿಗೆಲ್ಲ ಹೇಳಿಕೊಂಡು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ.

ಕಾಲ್ಗೆಜ್ಜೆ ಬಿಗಿಯಾಯಿತು. ದೊಡ್ಡದು ಮಾಡಿಸಲು ಅವಳನ್ನೂ ಕರೆದುಕೊಂಡು ಕಡಯಂಪಟ್ಟಿಯ ಅಕ್ಕಸಾಲಿಗನ ಹತ್ತಿರ ಹೋಗಿ, ಅವನಿಗೂ ತುಪ್ಪದ ಕಥೆ ಹೇಳಿದೆ. ಅವನು ಮಗುವಿನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದ. ಬಿದ್ದ ಕುಳಿ ಹಾಗೇ ನಿಂತಿತು.

“ಇದು ತುಪ್ಪ ಅಲ್ಲಜ್ಜಿ, ನೀರು. ಗೆಜ್ಜೆ ಇಲ್ಲಿರ್ಲಿ, ಮಗೀನ ಡಾಕ್ಟರ್ ತಾವ ಕರ್ಕೊಂಡೋಗು,” ಅಂದ.

ಮೈಯ ಸತ್ವ ಮೂತ್ರದಲ್ಲಿ ಸೋರುತ್ತಿದೆ, ಕಿಡ್ನಿ ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ ಎಂದರು ಸೇಲಂನ ಡಾಕ್ಟರಮ್ಮ. ಉಪ್ಪು ಕಡಿಮೆ ಮಾಡಬೇಕಂತೆ. ದಿನಾ ಬೆಳಿಗ್ಗೆ ಮೂತ್ರದಲ್ಲಿ ಅದ್ದಿ ನೋಡಲು ಪಟ್ಟಿಗಳನ್ನು ಕೊಟ್ಟರು: ಹಸಿರಾದರೆ ಸೋರುತ್ತಿದೆ, ಹಳದಿಯಾಗೇ ಉಳಿದರೆ ನಿಂತಿದೆ.

“ನಿಮಗೆ ಓದೋಕೆ ಬರುತ್ತಾ ಅಜ್ಜಿ?” ಎಂದು ಕೇಳಿದರು.

“ಅಷ್ಟಕ್ಕಷ್ಟೆ. ಅಸಿರು ಗೊತ್ತಮ್ಮ, ಒಲದಲ್ಲೇ ಉಟ್ಟೋಳು ನಾನು,” ಅಂದೆ. ಅವರು ನಕ್ಕರು.

ಮಾರನೆಯ ಬೆಳಿಗ್ಗೆ ಪಟ್ಟಿ ಅದ್ದಿದೆ, ಹಸಿರೇ ಆಯಿತು. ಉಪ್ಪಿಲ್ಲದ ಸಾರು ಮಾಡಿ, ಅವಳ ಎದುರಿಗೆ ಕೂತು ಮೊದಲ ತುತ್ತು ನಾನೇ ನುಂಗಿದೆ.