ಕಿಸೆ ಎಲ್ಲಿರಬೇಕು?

ಪರ ಗಂಡಸರ ಮುಖ ನೋಡಿ ಮಾತಾಡಲು ನನಗೆ ಇಂದಿಗೂ ಬಾರದು, ಮಕ್ಕಳೇ. ಕಿಸೆ ನೋಡಿ ಮಾತಾಡುತ್ತೇನೆ. ಹಾಗಾಗಿ ನಮ್ಮೂರು ವಾಮದಪದವಿನ ಅರ್ಧ ಗಂಡಸರ ಮುಖ ನನಗೆ ಸರಿಯಾಗಿ ಗೊತ್ತಿಲ್ಲ, ಕಿಸೆ ಗೊತ್ತು. ಅಂಚೆಯವರ ಕಿಸೆಯ ಮೂಲೆಯಲ್ಲಿ ಶಾಯಿ; ಬಸ್ಸಿನ ಕಂಡಕ್ಟರರದ್ದು ಚಿಲ್ಲರೆಯ ಭಾರಕ್ಕೆ ಒಂದು ಬದಿ ಜೋತಿರುತ್ತದೆ. ಹೊಲಿಗೆಯವಳಿಗೆ ಅಷ್ಟು ಪರಿಚಯ ಸಾಕು.

ಅಂಗಿಯ ಕಿಸೆಯನ್ನು ಎಡಬದಿಗೇ ಏಕೆ ಹೊಲಿಯುತ್ತೇವೆ? ನಾನು ಕಲಿತದ್ದು ಹಾಗೆ. ನನಗೆ ಕಲಿಸಿದವರು ಕಲಿತದ್ದೂ ಹಾಗೆ. ಬಲಗೈಯವರಿಗೆ ಅದು ಸುಲಭ. ಎಡಗೈಯವರನ್ನು ಯಾರೂ ಕೇಳಲಿಲ್ಲ. ನಮಗೆ ಹೆಂಗಸರಿಗೆ ಕಿಸೆಯೇ ಇಲ್ಲದ ಕಾರಣ ಈ ಕಷ್ಟವಿಲ್ಲ. ಬೀಗದ ಕೈ ಸೊಂಟಕ್ಕೆ, ಚಿಲ್ಲರೆ ಸೆರಗಿನ ತುದಿಗೆ, ಬಸ್ಸಿನ ಟಿಕೇಟು ಬಳೆಯ ಒಳಗೆ. ಯಾರ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ. ಸೀರೆ ಕಂಡುಹಿಡಿದವರು ದೊಡ್ಡ ಬುದ್ಧಿವಂತರು!

ಸೈನ್ಯದವರಿಗೆ ಈ ಬುದ್ಧಿ ಬರಲು ಹೊಸ ಶತಮಾನವೇ ಹುಟ್ಟಬೇಕಾಯಿತು. ಆ ವರ್ಷಗಳಲ್ಲೇ ಒಮ್ಮೆ ನಿಮ್ಮ ದಯಾನಂದ ಮಾವ, ನನ್ನ ಮಗ, ರಜೆಯಲ್ಲಿ ಬಂದವನು ತನ್ನ ಹಳೆಯ ಮದ್ದುಗುಂಡಿನ ಕೋಟನ್ನು ರಿಪೇರಿಗೆಂದು ನನ್ನ ಮುಂದೆ ಹಾಕಿದ. ತೋಳಿಲ್ಲದ ದಪ್ಪ ಬಟ್ಟೆಯ ಕೋಟು, ಅದರ ಮೈತುಂಬ ಕಿಸೆ. ನನಗೆ ಹಬ್ಬ! ತಿರುಗಿಸಿ, ಮಗುಚಿ, ಎಲ್ಲ ಹೊಲಿಗೆ ನೋಡಿದೆ. ಗಟ್ಟಿ ಹೊಲಿಗೆ, ಒಂದು ಕಿಸೆಯನ್ನೂ ಜಾಗದಿಂದ ಕದಲಿಸುವ ಹಾಗಿಲ್ಲ.

"ಅದೇ ತೊಂದರೆ ಅಮ್ಮ," ಎಂದ. "ನಾನು ಎಡಚ. ಬಂದೂಕು ಎಡಗೈಯಲ್ಲಿ. ಗುಂಡಿನ ಪೆಟ್ಟಿಗೆ ತೆಗೆಯುವುದು ಬಲಗೈ. ಇವರು ಪೆಟ್ಟಿಗೆಯ ಕಿಸೆ ಎಲ್ಲ ಎಡಕ್ಕೆ ಹೊಲಿದಿದ್ದಾರೆ. ನನ್ನ ಬಲಗೈ ಹೊಟ್ಟೆ ದಾಟಿ ಪರದೇಶಕ್ಕೆ ಹೋಗಿ ಬರಬೇಕು. ಒಮ್ಮೆ ಗುಂಡು ಬೇಕಾದಾಗ ಕೈಗೆ ಟಾರ್ಚು ಬಂತು!"

ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಎಲ್ಲಿ, ಯಾವಾಗ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ರಜೆ ಮುಗಿಸಿ ಹೋದ ಕೂಡಲೇ ಅವನ ತಂಡಕ್ಕೆ ಹೊಸ ಬಗೆಯ ಕೋಟು ಕೊಡುತ್ತಾರಂತೆ. ಅದರ ಹೆಸರು ಹೇಳಿದ: "ಮಾಡ್ಯುಲರ್."

"ಮಾಡಲಾರೆ ಎಂದರೆ ಬಿಡು. ಯಾರು ಒತ್ತಾಯ ಮಾಡಿದ್ದು?" ಎಂದೆ. ಮನೆಯಲ್ಲಿ ನಾವು ಆಡುವುದು ತುಳು. ಇವನಿಗೆ ಏಕಾಏಕಿ ಶಾಲೆಯ ಪಾಠದ ಕನ್ನಡ ಏಕೆ ಬಂತೆಂದು ನನಗೆ ಆಶ್ಚರ್ಯ.

ಅವನು ಹೊಟ್ಟೆ ಹಿಡಿದು ನಕ್ಕು, ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣದಲ್ಲಿ ನೆಲದ ಮೇಲೆ ಚಿತ್ರ ಬಿಡಿಸಿದ. ಕೋಟಿನ ತುಂಬ ಅಡ್ಡ ಅಡ್ಡ ಪಟ್ಟಿಗಳು. ಕಿಸೆಗಳು ಬೇರೆಯೇ. ಪ್ರತಿ ಕಿಸೆಯ ಬೆನ್ನಿಗೆ ಒಂದು ನಾಲಗೆ. ತೆಂಗಿನ ಮಡಲು ಹೆಣೆದ ಹಾಗೆ ಪಟ್ಟಿಯ ಒಳಗೆ ಹೊರಗೆ ಹೆಣೆದರೆ ಕಿಸೆ ಕೂತಿತು. ಬೇಡವೆಂದರೆ ಬಿಚ್ಚಿ ಬೇರೆ ಕಡೆಗೆ. ಅಬ್ಬ! ಇಷ್ಟು ವರ್ಷ ಮಿಷನು ತುಳಿದೂ ನನಗಿದು ಹೊಳೆಯಲಿಲ್ಲವಲ್ಲ! ಆ ದಿನ ಅನ್ನ ಅಡಿ ಹಿಡಿದದ್ದಕ್ಕೆ ಕಾರಣ ಇದೇ.

"ಯಾವುದು ಎಲ್ಲಿರಬೇಕೆಂದು ಇಲ್ಲೇ ನೋಡಿಕೊಂಡರೆ ಆಗ್ತಿತ್ತು," ಎಂದ. "ಕೈಗೆ ಒಮ್ಮೆ ರೂಢಿಯಾದರೆ ಮತ್ತೆ ಬದಲಿಸುವುದು ಕಷ್ಟ."

"ಅಂಥದ್ದೇ ಒಂದು ಕೋಟು ಹೊಲಿಯುವ!" ಎಂದೆ.

ಪಕ್ಕದ ಮನೆಯ ಐಸಮ್ಮ, ಗಂಡ ದುಬೈಯಿಂದ ತಂದಿದ್ದ ಹಳೆಯ ಚೀಲವನ್ನು ಕೊಟ್ಟಳು. ಅದರ ನೈಲಾನು ಪಟ್ಟಿ ಎಂದರೆ ಪಟ್ಟಿ! ಮೂರು ಸೂಜಿ ಮುರಿಯಿತು. ಗುಂಡಿನ ಪೆಟ್ಟಿಗೆಗೆ ಬದಲು ಬೆಲ್ಲದ ಅಚ್ಚು, ನೀರಿನ ಬಾಟಲಿಗೆ ಬದಲು ಸೌತೆಕಾಯಿ. ಭುಜ ಸರಿ ಉಂಟಾ ಎಂದು ನೋಡಲು ನಾನೇ ಸೀರೆಯ ಮೇಲೆ ಆ ಕೋಟನ್ನು ಹಾಕಿ ಕನ್ನಡಿಯ ಮುಂದೆ ನಿಂತಿರುವಾಗ ಐಸಮ್ಮ ಒಳಗೆ ಬರಬೇಕೇ!

"ಲಲಿತಕ್ಕ, ಮಿಲಿಟರಿಗೆ ಸೇರಿದ್ದು ಯಾವಾಗ ಮಾರಾಯ್ತಿ? ಸೌತೆಕಾಯಿಯಿಂದ ಹೊಡೆಯುವುದಾ?"

ಎಲ್ಲಿ ಅಡಗಲಿ ಎಂದಾಯಿತು. ಅವಳು ಅಲ್ಲೇ ಬೀಡಿ ಕಟ್ಟಲು ಕೂತಳು. ನಮ್ಮ ಕಡೆ ತಡ್ಪೆ ಎನ್ನುವ ಮೊರ ಅವಳ ಮಡಿಲಲ್ಲಿ. ಎಲೆ ಇಲ್ಲಿ, ಹೊಗೆಸೊಪ್ಪು ಅಲ್ಲಿ, ನೂಲು ಈಚೆ, ಕತ್ತರಿ ಆಚೆ. ಬಾಯಿ ನನ್ನನ್ನು ಹಾಸ್ಯ ಮಾಡುತ್ತಿತ್ತು, ಕಣ್ಣು ರಸ್ತೆಯ ಮೇಲಿತ್ತು, ಬೀಡಿ ಮಾತ್ರ ಒಂದರ ಹಿಂದೆ ಒಂದು ಬೀಳುತ್ತಿತ್ತು. ದಯ ಮೆಲ್ಲನೆ ಕತ್ತರಿಯನ್ನು ಆಚೆಯಿಂದ ಈಚೆಗಿಟ್ಟ. ಅವಳ ಕೈ ಗಾಳಿಯನ್ನು ಹಿಡಿಯಿತು.

"ಯಾರೋ ಅದು ನನ್ನ ಕತ್ತರಿ ಮುಟ್ಟಿದ್ದು!"

"ನೋಡಿದಿರಾ ಅಮ್ಮ? ನನಗೂ ಹೀಗೇ ಆದದ್ದು," ಎಂದ ದಯ.

ಮರುದಿನದಿಂದ ನನ್ನ ಕವಾಯತು. ಅವನು ಕೋಟು ಹಾಕಿ ಕಣ್ಣು ಮುಚ್ಚಬೇಕು. ನಾನು ದೋಸೆ ಹೊಯ್ಯುತ್ತಾ "ನೀರು!" ಎನ್ನುತ್ತೇನೆ. "ಗುಂಡು!" ಎನ್ನುತ್ತೇನೆ. ಮೊದಲಿಗೆ ಗುಂಡೆಂದರೆ ಸೌತೆಕಾಯಿ ಬರುತ್ತಿತ್ತು. ಬಿಚ್ಚಿದೆವು, ಹೆಣೆದೆವು, ಎರಡು ಬೆರಳು ಕೆಳಗೆ, ಒಂದು ಬೆರಳು ಹಿಂದೆ. ಅಂಗಳದಲ್ಲಿ ಕವುಚಿ ಮಲಗಿ ತೆವಳಿಯೂ ನೋಡಿದ. ಬೆಲ್ಲಕ್ಕೆ ಇರುವೆ ಬಂದು ಅವನ ತೆವಳುವಿಕೆಗೆ ವೇಗ ಹೆಚ್ಚಿತು. ಕಡೆಗೆ ಕರೆದ ಕೂಡಲೇ ಕೈ ತಾನಾಗಿ ಹೋಗತೊಡಗಿತು.

ಉಳಿದದ್ದು ಗಾಯಕ್ಕೆ ಕಟ್ಟುವ ಪಟ್ಟಿಯ ಕಿಸೆ. ನಾನು ಅದನ್ನು ಎಲ್ಲಕ್ಕಿಂತ ಹತ್ತಿರ, ಬಲಗೈಯ ಬುಡದಲ್ಲೇ ಇಟ್ಟೆ. ದಯ ಅದನ್ನು ಬಿಚ್ಚಿ ಎಡಸೊಂಟದ ಹಿಂದಕ್ಕೆ ಹಾಕಿದ.

"ಅಲ್ಲಿಗೆ ನಿನ್ನ ಬಲಗೈ ಹೋಗುವುದಿಲ್ಲವಲ್ಲ," ಎಂದೆ.

"ಇದೊಂದನ್ನು ನನ್ನಿಷ್ಟಕ್ಕೆ ಇಡುವ ಹಾಗಿಲ್ಲ. ಎಲ್ಲರದ್ದೂ ಒಂದೇ ಜಾಗ. ಇದು ಬೇಕಾಗುವಾಗ ತೆಗೆಯುವುದು ನಾನಲ್ಲ ಅಮ್ಮ, ಪಕ್ಕದವನು."

ನಾನು ಎದ್ದು ದೋಸೆ ಮಗುಚಲು ಹೋದೆ. ಕಲ್ಲಿನ ಮೇಲೆ ದೋಸೆ ಇರಲಿಲ್ಲ.

ಅವನು ಹೋದ ಮೇಲೆ ನನ್ನ ತಲೆಯಲ್ಲಿ ಆ ಪಕ್ಕದವನದ್ದೇ ಯೋಚನೆ. ನನ್ನ ಮಗನ ಕೈಗೆ ನಾನು ಕಲಿಸಿದೆ. ಪಕ್ಕದವನ ಕೈಗೆ ಯಾರು ಕಲಿಸಿದ್ದು? ಒಂದು ಸಂಜೆ ಐಸಮ್ಮನ ಮನೆಗೆ ದಯನ ಫೋನು ಬಂತು. ಓಡಿದೆ. ಹೊಸ ಕೋಟು ಸಿಕ್ಕಿತಂತೆ, ಎಲ್ಲ ಮನೆಯಲ್ಲಿದ್ದ ಹಾಗೇ ಕಟ್ಟಿಕೊಂಡನಂತೆ.

"ಕೈ ಹೋಗ್ತದಾ?"

"ನೋಡದೆ ಹೋಗ್ತದೆ ಅಮ್ಮ!"

"ನಿನ್ನ ಪಕ್ಕದವನು ಯಾರು?"

"ಒಬ್ಬ ಬಿಹಾರದವ. ಇಲ್ಲೇ ಇದ್ದಾನೆ."

"ಅವನಿಗೆ ಕೊಡು ಫೋನು."

ಟಿ.ವಿ. ನೋಡಿ ಕಲಿತ ನನ್ನ ಹಿಂದಿಯಲ್ಲಿ, ದಯನ ಗಾಯದ ಪಟ್ಟಿ ಎಲ್ಲುಂಟು ಎಂದು ಗಟ್ಟಿಯಾಗಿ ಕೇಳಿದೆ. ಆಚೆಯಿಂದ ಎಳೆಯ ಸ್ವರವೊಂದು ಹೇಳಿತು, "ಎಡಸೊಂಟದ ಹಿಂದೆ, ಮಾತಾಜಿ. ಕಣ್ಣು ಮುಚ್ಚಿ ತೆಗೆಯುತ್ತೇನೆ. ನನ್ನದೆಲ್ಲುಂಟೆಂದು ದಯನಿಗೂ ಗೊತ್ತು."

ಫೋನು ಇಟ್ಟೆ. ಐಸಮ್ಮ ತಡ್ಪೆಯಿಂದ ಕಣ್ಣೆತ್ತಿ, "ಅದು ಯಾರು ಲಲಿತಕ್ಕ?" ಎಂದಳು.

"ದಯನ ಇನ್ನೊಂದು ಕೈ," ಎಂದೆ.

"ಎಡದ್ದಾ, ಬಲದ್ದಾ?"

"ಯಾವುದಾದರೇನು ಮಾರಾಯ್ತಿ," ಎಂದೆ, "ತಲುಪಿದರಾಯಿತು."