ಕುಳ್ಳರ ಮನೆ ಮಾರಾಟಕ್ಕಿದೆ

ಮನೆ ಮಾರುವವರಿಗೆ ಬುದ್ಧಿ ಹೇಳುವ ಜನ ಈಗ ಎಲ್ಲೆಲ್ಲೂ ಇದ್ದಾರೆ. ಗೋಡೆಗೆ ಬಿಳಿ ಬಣ್ಣ ಹೊಡೆಸಿ, ಸತ್ತವರ ಫೋಟೋ ಇಳಿಸಿ, ಬದುಕಿರುವವರ ಚಪ್ಪಲಿ ಬಚ್ಚಿಡಿ. ನೋಡಲು ಬಂದವರಿಗೆ ಇಲ್ಲಿ ಯಾರೂ ಬಾಳಿಯೇ ಇಲ್ಲ ಅನ್ನಿಸಬೇಕು ಎನ್ನುತ್ತಾರೆ. ಇನ್ನೊಂದು ಬಗೆಯವರೂ ಇದ್ದಾರೆ. ಹಳೆಯ ಮನೆ ಎಂದ ಕೂಡಲೇ ಕಣ್ಣು ಒರೆಸಿಕೊಂಡು, ಮಾರುವವರನ್ನು ಹೆತ್ತ ತಾಯಿಯನ್ನು ಬೀದಿಗೆ ಅಟ್ಟಿದವರಂತೆ ನೋಡುತ್ತಾರೆ. ಇವರು ಹೆಚ್ಚಾಗಿ ಸ್ವಂತ ಮನೆಯಲ್ಲಿ ಕೂತು ಅಳುವವರು. ಎರಡೂ ಬಗೆಯವರ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟು ಬಂದದ್ದು ನಮ್ಮ ಬೀದಿಯ ಟೈಲರಕ್ಕ ತನ್ನ ಮನೆ ಮಾರಲು ಹೊರಟಾಗ.

ಟೈಲರಕ್ಕನಿಗೆ ಮನುಷ್ಯರೆಂದರೆ ಮೊದಲು ಅಳತೆ, ಆಮೇಲೆ ಮುಖ. ದಾರಿಯಲ್ಲಿ ಎದುರಾದರೆ ಅವಳ ಕಣ್ಣು ನಮ್ಮ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹರಿದು, ಹೊಟ್ಟೆಯ ಹತ್ತಿರ ಸ್ವಲ್ಪ ನಿಂತು ಹೋಗುತ್ತದೆ. “ಗುಂಡಿ ಒಂಚೂರು ಈಚೆ ಹಾಕ್ಬೇಕು ಅನ್ಸುತ್ತೆ. ಮನೇಲಿ ಊಟ ಚೆನ್ನಾಗಿ ಬೀಳ್ತಿದೆ,” ಎನ್ನುತ್ತಾಳೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಯಾರೂ ಟ್ರಯಲ್‌ಗೆ ಬರ್ಲಿಲ್ಲ,” ಎಂದು ಸೂಜಿಗೆ ದಾರ ಪೋಣಿಸುತ್ತಾ ಕೂತುಬಿಡುವವಳು.

ಆ ಮನೆಯನ್ನು ಕಟ್ಟಿದ್ದು ಅವಳ ಅಪ್ಪ. ಬಡಗಿ. ಆಯುಷ್ಯವನ್ನೆಲ್ಲ ದೊಡ್ಡವರ ಮನೆಗಳಿಗೆ ಬಾಗಿಲು ಕೂರಿಸುವುದರಲ್ಲಿ ಕಳೆದವನು. ಆ ಬಾಗಿಲುಗಳ ಮೇಲಿನ ಚಿಲಕ ಅವನ ಕೈಗೇ ಎಟುಕುತ್ತಿರಲಿಲ್ಲ. ಸ್ಟೂಲು ಹತ್ತಿ ಕೂರಿಸಿ ಬರುತ್ತಿದ್ದ. ತನ್ನ ಮನೆ ಕಟ್ಟುವಾಗ ಹೆಂಡತಿಯನ್ನು ಹಸಿ ಗೋಡೆಯ ಮುಂದೆ ನಿಲ್ಲಿಸಿ, “ಕೈ ಎತ್ತು,” ಅಂದ. ಅವಳ ಬೆರಳು ಮುಟ್ಟಿದ ಕಡೆ ಚಿಲಕ, ಅವಳ ಸೊಂಟಕ್ಕೆ ಸರಿಯಾಗಿ ಅಡುಗೆ ಕಟ್ಟೆ. ಲೈಟಿನ ಸ್ವಿಚ್ಚುಗಳು ಮಕ್ಕಳ ಕೈಗೆ ಸಿಗುವಷ್ಟು ಕೆಳಗೆ, ಕತ್ತಲಿಗೆ ಹೆದರಿದವರು ಯಾರನ್ನೂ ಕೂಗದೆ ತಾವೇ ಹಾಕಿಕೊಳ್ಳಲಿ ಎಂದು. ಅಡುಗೆಮನೆಯ ಬಾಗಿಲಂತೂ ಬೇರೆಯವರ ಹಣೆಗೆ ನೇರ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಲ್ಲರೂ ಗಿಡ್ಡ. ಬೀದಿಯವರು ‘ಕುಳ್ಳರ ಮನೆ’ ಎಂದು ಹೆಸರಿಟ್ಟರು. ಬಡಗಿ ಬೇಸರ ಮಾಡಿಕೊಳ್ಳಲಿಲ್ಲ. “ನಮ್ಮ ಮನೇಲಿ ನಾವು ನೆಟ್ಟಗೆ ನಿಲ್ತೀವಿ. ಬಂದವರು ಬಗ್ತಾರೆ,” ಎನ್ನುತ್ತಿದ್ದ. ದಿನವಿಡೀ ಬೇರೆಯವರ ಮುಂದೆ ಬಗ್ಗಿ ಬಂದ ಮನುಷ್ಯ ಹಾಗೆ ಹೇಳಿಕೊಂಡರೆ ತಪ್ಪೇನೂ ಇಲ್ಲ.

ಆ ಮನೆಯೊಳಗೆ ಮರದ ಪುಡಿಯ ವಾಸನೆ ಅವನು ಹೋದ ಎಷ್ಟೋ ವರ್ಷದ ಮೇಲೂ ಇತ್ತು. ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಅವನ ಹೆಂಡತಿ ಹರಿದ ಬಟ್ಟೆಗಳಿಗೆ ತೇಪೆ ಹಾಕುತ್ತಿದ್ದಳು. ಮಧ್ಯಾಹ್ನದ ಬಿಸಿಲು ಅವಳ ತೊಡೆಯ ಮೇಲೆ ಬಂದು ಕೂರುವುದು, ಆಮೇಲೆ ಇಳಿದು ನೆಲದ ಮೇಲೆ ನಡೆದು ಹೊಲಿಗೆ ಮಿಷನ್ನಿನ ಕಾಲಿಗೆ ತಾಗುವುದು. ಬಿಸಿಲು ಅಲ್ಲಿಗೆ ಮುಟ್ಟಿತೆಂದರೆ ಮಕ್ಕಳು ಶಾಲೆಯಿಂದ ಬರುವ ಹೊತ್ತು. ಟೈಲರಕ್ಕ ಹೊಲಿಗೆ ಕಲಿತದ್ದು ಆ ಬಿಸಿಲಿನಲ್ಲೇ.

ಅವಳ ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡಿಪೋ ಬದಲಾದಂತೆ ಊರು ಬದಲು, ಊರು ಬದಲಾದಂತೆ ಬಾಡಿಗೆ ಮನೆ ಬದಲು. ಎಲ್ಲ ಮನೆಗಳಲ್ಲೂ ಒಂದೇ ಷರತ್ತು: ಗೋಡೆಗೆ ಮೊಳೆ ಹೊಡೆಯಕೂಡದು. ಕನ್ನಡಿಯನ್ನು ಕುರ್ಚಿಯ ಮೇಲಿಟ್ಟು, ಮುಂದೆ ನೆಲದ ಮೇಲೆ ಕೂತು ಅವನ ಹೆಂಡತಿ ತಲೆ ಬಾಚಿಕೊಳ್ಳುತ್ತಿದ್ದಳು. ಕ್ಯಾಲೆಂಡರನ್ನು ಮೂಲೆಯಲ್ಲಿ ಒರಗಿಸಿ ಇಡುತ್ತಿದ್ದರು. ಅಪ್ಪ ಅಮ್ಮನ ಫೋಟೋ ಟ್ರಂಕಿನೊಳಗೆ ಸ್ವೆಟರುಗಳ ಮಧ್ಯೆ. ಬಡಗಿಯ ಮಗ ಸುತ್ತಿಗೆ ಎತ್ತಲು ಯಾರದೋ ಅಪ್ಪಣೆಗೆ ಕಾಯಬೇಕಾಗಿತ್ತು. ಹಳೆಯ ಮನೆಗಾಗಿ ಅಳುವವರು ಯಾರೂ ಇಂಥ ಗೋಡೆಗಾಗಿ ಅತ್ತದ್ದನ್ನು ನಾನು ಕಾಣೆ.

ಅಮ್ಮ ಇರುವವರೆಗೆ ಮನೆ ಇರಲಿ, ಆಮೇಲೆ ಮಾರಿ ಹಂಚಿಕೊಳ್ಳೋಣ ಎಂದು ಅಕ್ಕ ತಮ್ಮ ಎಂದೋ ಮಾತಾಡಿಕೊಂಡಿದ್ದರು. ಅಮ್ಮ ಹೋದಳು. ತಮ್ಮ ತನ್ನ ಊರಿನಲ್ಲಿ ಒಂದು ಪುಟ್ಟ ಮನೆ ನೋಡಿಟ್ಟ. ಮುಂದಿನ ಕೋಣೆ ನಿನ್ನ ಮಿಷನ್ನಿಗೇ ಇರಲಿ, ನಮ್ಮ ಜೊತೆ ಇದ್ದುಬಿಡು ಎಂದು ಅಕ್ಕನಿಗೂ ಹೇಳಿದ. ಆ ಮನೆಯವರು ಮಾತ್ರ ಹೆಚ್ಚು ದಿನ ಕಾಯಲು ಒಪ್ಪಲಿಲ್ಲ. ಈ ತಿಂಗಳ ಕೊನೆಗೆ ಹೂಂ ಅನ್ನಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಅಂದರು. ಕುಳ್ಳರ ಮನೆ ಮಾರಾಟವಾದರೆ ಮಾತ್ರ ತಮ್ಮ ಹೂಂ ಅನ್ನಬಹುದಾಗಿತ್ತು.

ಟೈಲರಕ್ಕ ಬೇಡ ಅನ್ನಲಿಲ್ಲ. ಬ್ರೋಕರನ್ನು ಕರೆಸಿದಳು. ಅವನು ತಂಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಬಂದ. ಅಡುಗೆಮನೆಯ ಬಾಗಿಲಿಗೆ ಹಣೆ ಬಡಿದು ಕನ್ನಡಕ ಒಲೆಯ ಪಕ್ಕಕ್ಕೆ ಹೋಗಿ ಬಿತ್ತು. “ಬಗ್ಗಿ ಬನ್ನಿ ಅಂತ ಹೇಳೋಷ್ಟರಲ್ಲಿ ಬಂದೇಬಿಟ್ರಿ,” ಎಂದು ಅವಳು ಒದ್ದೆ ಬಟ್ಟೆ ತಂದುಕೊಟ್ಟಳು. ಮೊದಲ ದಿನ ಪಾಪ ಅನ್ನಿಸಿತು. ಆದರೆ ಆಮೇಲೆ ಬಂದವರಿಗೆಲ್ಲ ಅವಳು ಬಾಗಿಲಲ್ಲೇ ಪಾಠ ಶುರುಮಾಡಿದಳು. ಮೂಲೆಯ ಗೋಡೆ ಮಳೆಗೆ ಬೆವರುತ್ತೆ. ಚಿಲಕ ಕೆಳಗಿದೆ, ನಿಮಗೆ ಸೊಂಟ ಹಿಡಿಯುತ್ತೆ. ಕಟ್ಟೆ ಮುಂದೆ ನಿಂತು ಪಾತ್ರೆ ತೊಳೆದರೆ ನಿಮ್ಮೆತ್ತರದವರಿಗೆ ಬೆನ್ನು ಉಳಿಯಲ್ಲ. ಹೇಳುವಾಗ ದೂರುವ ಧ್ವನಿಯಿಲ್ಲ, ಮೊಮ್ಮಗನ ತುಂಟತನ ಹೇಳಿಕೊಳ್ಳುವ ಅಜ್ಜಿಯ ಧ್ವನಿ.

ಬಂದವರಲ್ಲಿ ಒಬ್ಬ ವಾಲಿಬಾಲ್ ಕೋಚ್. ಬಾಗಿಲ ಚೌಕಟ್ಟಿನಲ್ಲಿ ನಿಂತರೆ ಅವನ ಮುಖವೇ ಕಾಣುತ್ತಿರಲಿಲ್ಲ. ಅವನೂ ಹಣೆ ಬಡಿಸಿಕೊಂಡ. ಆದರೂ ಕಿಟಕಿ ಕಟ್ಟೆಯ ಮೇಲೆ ಕೂತು, ಮೊಣಕಾಲು ಗಲ್ಲದ ಹತ್ತಿರ ಬಂದರೂ ಏಳದೆ, “ಬೆಳಕು ಎಷ್ಟು ಚೆನ್ನಾಗಿ ಬರುತ್ತೆ,” ಅಂದ. ಟೈಲರಕ್ಕ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಈ ಮನೆ ನಿಮಗೆ ಆಗಲ್ಲ ಅಪ್ಪ. ಗಿಡ್ಡ ಆಗುತ್ತೆ.”

“ಬಾಗಿಲು ಎತ್ತರಿಸೋಕಾಗಲ್ವಾ?”

“ಗೋಡೆ ಒಡೀಬೇಕು. ಒಡೆದ್ರೆ ಮನೆ ಉಳಿಯಲ್ಲ.”

ಅವನು ಹೋದ ಮೇಲೆ ಬ್ರೋಕರ್ ತಲೆ ಚಚ್ಚಿಕೊಂಡ. “ಅಕ್ಕಾ, ನೀವು ಮನೆ ಮಾರ್ತಿದ್ದೀರೋ, ಬ್ಲೌಸ್ ಹೊಲೀತಿದ್ದೀರೋ?”

“ಅಳತೆ ಸರಿಯಿಲ್ದೆ ಕೊಟ್ರೆ ನಾಳೆ ಬಂದು ನನ್ನೇ ಬೈತಾರೆ.”

“ಮನೇನ ವಾಪಸ್ ತಂದು ಕೊಡ್ತಾರಾ, ತಾಯಿ?”

“ತರಲ್ಲ. ಅದಕ್ಕೇ ಮೊದಲೇ ಹೇಳೋದು.”

ಬೀದಿಯ ಜನ ಇದನ್ನು ಹೇಳಿಕೊಂಡು ನಕ್ಕರು, ಎಂಥ ಪ್ರಾಮಾಣಿಕ ಹೆಂಗಸು ಎಂದು ಕೊಂಡಾಡಿದರು. ಹಾಗೆ ಕೊಂಡಾಡುವಾಗ, ಕನ್ನಡಿಯ ಮುಂದೆ ನೆಲದ ಮೇಲೆ ಕೂತ ಆ ಇನ್ನೊಬ್ಬ ಹೆಂಗಸಿನ ನೆನಪು ಯಾರಿಗೂ ಆಗಲಿಲ್ಲ. ತಿಂಗಳು ಮುಗಿಯುತ್ತಾ ಬಂತು.

ಒಂದು ರಜೆಯ ದಿನ ತಮ್ಮ ಬಂದ. ಜಗಳವಾಡಲು ಬಂದವನಲ್ಲ, ಅವನಿಗೆ ಜಗಳ ಬರುವುದಿಲ್ಲ. ಸಡಿಲಾದ ಕಿಟಕಿ ಬಿಗಿ ಮಾಡಿದ, ಕೀಲುಗಳಿಗೆ ಎಣ್ಣೆ ಬಿಟ್ಟ. ಅಮ್ಮನ ಫೋಟೋದ ಮೊಳೆ ತುಕ್ಕು ಹಿಡಿದು ಮುರಿದಿತ್ತು. ಮೆಟ್ಟಿಲ ಕೆಳಗಿನಿಂದ ಅಪ್ಪನ ಸುತ್ತಿಗೆ ತಂದು, ಗೋಡೆಯ ಮೇಲೆ ಬೆರಳಿಟ್ಟು ಜಾಗ ನೋಡಿ, ತಿರುಗಿದ.

“ಅಕ್ಕಾ, ಇಲ್ಲೊಂದು ಮೊಳೆ ಹೊಡೀಲಾ? ಗೋಡೆಗೆ ಏನೂ ಆಗಲ್ಲ. ಬಿಡೋವಾಗ ನಾನೇ ತೂತು ಮುಚ್ಚಿ ಕೊಡ್ತೀನಿ.”

ಮಿಷನ್ ನಿಂತಿತು.

“ಯಾರನ್ನ ಕೇಳ್ತಿದ್ದೀಯೋ?”

ಅವನಿಗೆ ಆಗ ಗೊತ್ತಾಯಿತು. ಕಿವಿ ಕೆಂಪಾಗಿ ನಕ್ಕ. “ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ ಕಣೇ.”

ಟೈಲರಕ್ಕ ಎದ್ದಳು. ಮಡಿಲಲ್ಲಿದ್ದ ತೋಳು ಹೊಲಿಯದ ಅಂಗಿ ನೆಲಕ್ಕೆ ಬಿತ್ತು. ಬಟ್ಟೆ ನೆಲ ಮುಟ್ಟಿದರೆ ಮುಖ ಸಿಂಡರಿಸುವವಳು ನೋಡಲೂ ಇಲ್ಲ. ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ, ತುದಿಗಾಲಲ್ಲಿ ನಿಂತು, ಬಾಗಿಲ ಮೇಲ್ಭಾಗಕ್ಕೆ ಮೆಲ್ಲಗೆ ಬಡಿದಳು. ಟೊಳ್ಳು ಸದ್ದು.

“ಇದು ಗೋಡೆ ಅಲ್ಲ ಕಣೋ. ಹಲಗೆ.”

ಅಮ್ಮ ಮಗಳ ಶಾಲೆಯ ಬಟ್ಟೆ ಹೊಲಿಯುವಾಗ, ಬೆಳೆದ ಮೇಲೆ ಬಿಚ್ಚಿಕೊಳ್ಳಲೆಂದು ಒಳಗೆ ಮಡಿಕೆ ಬಿಡುತ್ತಿದ್ದಳು. ಅದನ್ನು ನೋಡಿದ ಅಪ್ಪ ಬಾಗಿಲಿಗೂ ಹಾಗೇ ಮಾಡಿದ್ದ. ನಿಜವಾದ ತೊಲೆ ಇದ್ದದ್ದು ಒಂದು ಮೊಳ ಮೇಲೆ. ಕೆಳಗಿನದು ಸ್ಕ್ರೂ ಹಾಕಿ ಕೂರಿಸಿದ ಹಲಗೆ. ಮಕ್ಕಳು ಎತ್ತರ ಬೆಳೆದರೆ ಬಿಚ್ಚಿ ತೆಗೆಯಬಹುದಾಗಿತ್ತು. ಬಣ್ಣದ ಮೇಲೆ ಬಣ್ಣ ಬಿದ್ದು ಸಂದು ಮುಚ್ಚಿಹೋಗಿತ್ತು. ಆಗ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ; ಅವನಿಗೆ ಗೊತ್ತಿರಲಿಲ್ಲ.

“ನಾವು ಬೆಳೀತೀವಿ ಅಂದ್ಕೊಂಡಿದ್ನಾ ಅಪ್ಪ?”

“ಅಂದ್ಕೊಂಡಿದ್ದ, ಪಾಪ.”

ಇಬ್ಬರೂ ನಕ್ಕರು. ಆಮೇಲೆ ತಮ್ಮನ ನಗು ನಿಂತಿತು. “ನಿಂಗೆ ಗೊತ್ತಿತ್ತು.”

“ಹೂಂ.”

“ಬಂದವರಿಗೆಲ್ಲ ಗೋಡೆ ಒಡೀಬೇಕು ಅಂದ್ಯಂತಲ್ಲ?”

“ಹಲಗೆ ಅಂದಿದ್ರೆ ಯಾರಾದ್ರೂ ತಗೊಂಡುಬಿಡ್ತಿದ್ರು.”

ಅವನು ಬೈಯಲಿಲ್ಲ. ಬಗ್ಗಿ ಅಂಗಿ ಎತ್ತಿಕೊಂಡು ಧೂಳು ಕೊಡವಿ ಮಿಷನ್ನಿನ ಮೇಲಿಟ್ಟ. ಅವಳಿಗೆ ಬೈಸಿಕೊಂಡಿದ್ದರೇ ಹಗುರಾಗುತ್ತಿತ್ತೋ ಏನೋ. ನನಗೆ ಇದನ್ನೆಲ್ಲ ಹೇಳುವಾಗ ಅವಳು ತನ್ನ ಪರವಾಗಿ ಒಂದು ಮಾತೂ ಸೇರಿಸಲಿಲ್ಲ. “ಊರವರಿಗೆಲ್ಲ ಮನೆ ಗಿಡ್ಡ ಅಂತ ನ್ಯಾಯ ಹೇಳ್ತಾ ಕೂತಿದ್ದೆ. ಅವನು ನನ್ನ ಮುಂದೆ ಬಾಡಿಗೆಯವನ ಹಾಗೆ ನಿಂತಿದ್ದ,” ಅಂದಳು ಅಷ್ಟೇ.

ಕೋಚನ್ನು ಮತ್ತೆ ಕರೆಸಿದರು. ಅವನು ಬರುವಷ್ಟರಲ್ಲಿ ಅಕ್ಕ ತಮ್ಮ ಸೇರಿ ಸ್ಕ್ರೂಗಳ ಮೇಲಿನ ಬಣ್ಣ ಕೆರೆದು ಹಲಗೆ ಇಳಿಸಿದ್ದರು. ಹಿಂಬದಿಗೆ ಬಣ್ಣ ಸೋಕಿರಲಿಲ್ಲ. ಅಪ್ಪನ ಉಳಿಯ ಗುರುತು ಹೊಸದರಂತೆ ಇತ್ತು, ಮೂಸಿದರೆ ಮರದ ವಾಸನೆ. ಟೈಲರಕ್ಕ ಅದಕ್ಕೆ ಮುಖವಿಟ್ಟು ತುಂಬಾ ಹೊತ್ತು ಹಾಗೇ ನಿಂತಿದ್ದಳಂತೆ. ಕೋಚ್ ನೆಟ್ಟಗೆ ನಡೆದು ಒಳಗೆ ಹೋದ, ನೆಟ್ಟಗೆ ಹೊರಗೆ ಬಂದ. ಹಿಂದೆಯೇ ಬಂದ ಬ್ರೋಕರ್ ಮಾತ್ರ, ತಾಗುವುದಕ್ಕೆ ಏನೂ ಇಲ್ಲದ ಬಾಗಿಲಲ್ಲಿ ಕನ್ನಡಕ ಹಿಡಿದುಕೊಂಡು ನಡು ಬಗ್ಗಿಸಿದ. “ಇನ್ಮೇಲೆ ಬಗ್ಗಬೇಕಾಗಿಲ್ಲ ಅಪ್ಪ,” ಅಂದಳು ಅಕ್ಕ. “ನಂಬಿಕೆ ಬರಲ್ಲ ಅಕ್ಕಾ,” ಅಂದ ಅವನು.

ಸ್ವಿಚ್ಚುಗಳನ್ನು ಮೇಲೆ ಹಾಕಿಸುತ್ತೀರಾ ಎಂದು ಅವಳು ಕೋಚನ್ನು ಕೇಳಿದಳಂತೆ. ಅವನಿಗೊಂದು ಪುಟ್ಟ ಮಗಳಿದ್ದಳು. “ಅವಳು ಬೆಳೆಯೋವರೆಗೂ ಇರ್ಲಿ,” ಅಂದನಂತೆ. ಅದಕ್ಕಿಂತ ಹೆಚ್ಚಿನದನ್ನು ಮನೆ ಮಾರಿದವರು ಕೇಳಲು ಆಗುವುದಿಲ್ಲ.

ನಮ್ಮ ಬೀದಿಗೆ ಈಗ ಟೈಲರಕ್ಕ ಇಲ್ಲ. ನನ್ನ ಹೊಸ ಅಂಗಿ ಕಂಕುಳಲ್ಲಿ ಕಚ್ಚುತ್ತದೆ. ಬಟ್ಟೆಯ ನೆಪ ಮಾಡಿಕೊಂಡು ಮೊನ್ನೆ ಅವಳ ತಮ್ಮನ ಮನೆಗೆ ಹೋಗಿದ್ದೆ. ಪುಟ್ಟ ಮನೆ, ಬೆಳಕು ಅಷ್ಟಕ್ಕಷ್ಟೆ. ಮಿಷನ್ನಿನ ಕಾಲಿಗೆ ಬಿಸಿಲು ತಾಗುವುದಿಲ್ಲ. ತಮ್ಮನ ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೇ ಎಂದು ಅವಳು ಗಡಿಯಾರ ನೋಡಬೇಕು. ನೋಡಿದಾಗಲೆಲ್ಲ ಮೊದಲು ಕಣ್ಣು ನೆಲಕ್ಕೆ ಹೋಗಿ ಆಮೇಲೆ ಗೋಡೆಗೆ ಏರುತ್ತಿತ್ತು.

ಗೋಡೆಯ ತುಂಬ ಮೊಳೆಗಳು. ಕನ್ನಡಿಗೆ, ಕ್ಯಾಲೆಂಡರಿಗೆ, ಟ್ರಂಕಿನಿಂದ ಹೊರಬಂದ ಫೋಟೋಕ್ಕೆ, ಏನೂ ತೂಗುಹಾಕದೆ ಸುಮ್ಮನೆ ಹೊಡೆದವು ಕೆಲವು. ಅರ್ಧಕ್ಕರ್ಧ ಸೊಟ್ಟಗಿದ್ದವು.

“ಬಡಗಿ ಮಗ,” ಅಂದಳು ಟೈಲರಕ್ಕ. “ಅಪ್ಪ ನೋಡಿದ್ರೆ ಸುತ್ತಿಗೆ ಕಿತ್ಕೊಳ್ತಿದ್ದ.”

“ನನ್ನ ಗೋಡೆ, ನನ್ನ ಮೊಳೆ,” ಅಂದ ತಮ್ಮ.

ಆ ದಿನ ಅವರು ಅಡುಗೆಮನೆಯಲ್ಲಿ ಆ ಹಲಗೆಯನ್ನು ಶೆಲ್ಫಾಗಿ ಕೂರಿಸುತ್ತಿದ್ದರು. ಎಷ್ಟು ಎತ್ತರಕ್ಕೆ ಎಂದು ತಮ್ಮ ಟೇಪು ಹಿಡಿದು ನಿಂತಿದ್ದ. ಅವನ ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ, “ಎಲ್ಲಾದ್ರೂ ಹಾಕಿ ಅತ್ತಿಗೆ. ಸ್ಟೂಲ್ ಇದೆಯಲ್ಲ,” ಅಂದಳು.

ಟೈಲರಕ್ಕ ಅವಳ ಭುಜ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು.

“ಕೈ ಎತ್ತು,” ಅಂದಳು.